ಹಾಜರಿ ಪುಸ್ತಕದಿಂದ ಶುರು ಮಾಡಿ: ಮಕ್ಕಳ ಗೈರು ಕಡಿಮೆ ಮಾಡಲು ಶಾಲೆಯೂ ಊರೂ ಸೇರಿ ಮಾಡುವ ಕೆಲಸ

ಶಿಕ್ಷಕರು, ಶಾಲಾ ಸಮಿತಿಯವರು, ಒಮ್ಮೊಮ್ಮೆ ಪೋಷಕರು ಕೂಡ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. "ಮಕ್ಕಳ ಹೆಸರು ಪುಸ್ತಕದಲ್ಲಿದೆ, ಮಕ್ಕಳು ಮಾತ್ರ ತರಗತಿಯಲ್ಲಿಲ್ಲ. ಸಭೆ ಕರೆದೆವು, ನೋಟಿಸ್ ಕಳಿಸಿದೆವು, ಬೈದೂ ನೋಡಿದೆವು. ಇನ್ನೇನು ಮಾಡೋದು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಶಾಲೆ ಒಂದರಿಂದಲೇ ಇದು ಆಗುವ ಕೆಲಸ ಅಲ್ಲ. ಮಗು ಯಾಕೆ ಬರುತ್ತಿಲ್ಲ ಅನ್ನುವುದರ ಬೇರು ಎಷ್ಟೋ ಸಲ ಶಾಲೆಯ ಗೇಟಿನ ಹೊರಗೆ ಇರುತ್ತದೆ. ಹಾಗಂತ "ಸಮುದಾಯದ ಸಹಭಾಗಿತ್ವ" ಅಂತ ಬ್ಯಾನರ್ ಕಟ್ಟಿ ಭಾಷಣ ಮಾಡಿಸಿದರೆ ಮಕ್ಕಳು ಬಂದುಬಿಡುವುದಿಲ್ಲ. ಯಾವ ಮಗು ಬರುತ್ತಿಲ್ಲ? ಯಾಕೆ? ಆ ತೊಡಕು ಬಿಡಿಸುವುದು ಯಾರ ಕೈಯಲ್ಲಿದೆ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಊರಿನವರ ಬಾಗಿಲು ತಟ್ಟಬೇಕು. ನಾವು ಹೆಚ್ಚಿನವರು ತಪ್ಪುವುದು ಇಲ್ಲೇ. ಮೊದಲು ಸಭೆ ಕರೆಯುತ್ತೇವೆ, ಯಾರಿಗಾಗಿ ಕರೆದೆವು ಅನ್ನುವುದನ್ನು ಆಮೇಲೆ ಯೋಚಿಸುತ್ತೇವೆ.

ಶುರು ಮಾಡುವ ಮುಂಚೆ ಏನು ಬೇಕು?

ಹಣ ಹೆಚ್ಚು ಬೇಕಾಗಿಲ್ಲ. ಕಳೆದ 3 ತಿಂಗಳ ಹಾಜರಿ ಪುಸ್ತಕ, ಬೀಗ ಹಾಕಿ ಇಡಬಹುದಾದ ಒಂದು ನೋಟ್‌ಬುಕ್, ವಾರಕ್ಕೆ ಒಂದು ಗಂಟೆ ಬಿಡುವು, ಇದು ನನ್ನ ಹೊಣೆ ಅಂತ ಒಪ್ಪಿಕೊಳ್ಳುವ ಒಬ್ಬರು ಇದ್ದರೆ ಸಾಕು. ಆ ಒಬ್ಬರು ಮುಖ್ಯ ಶಿಕ್ಷಕರೇ ಆಗಬೇಕೆಂದಿಲ್ಲ. ಆದರೆ ಮುಖ್ಯ ಶಿಕ್ಷಕರ ಪೂರ್ತಿ ಬೆಂಬಲ ಇರಲೇಬೇಕು. ಇಲ್ಲದಿದ್ದರೆ ಎರಡನೇ ತಿಂಗಳಿಗೆ ಕೆಲಸ ನಿಂತುಹೋಗುತ್ತದೆ.

ಹಂತ 1: ಸರಾಸರಿ ಬಿಡಿ, ಹೆಸರು ನೋಡಿ

"ನಮ್ಮ ಶಾಲೆಯ ಹಾಜರಾತಿ ಶೇ 95 ಇದೆ, ತೊಂದರೆ ಏನಿಲ್ಲ" ಅನ್ನುವ ಮಾತು ನೀವೂ ಕೇಳಿರುತ್ತೀರಿ. ಈ ಶೇ 95ರ ಒಳಗೆ ಏನಿದೆ ಅಂತ ಒಂದು ಲೆಕ್ಕ ಹಾಕೋಣ.

ಒಂದು ತರಗತಿಯಲ್ಲಿ 40 ಮಕ್ಕಳು. ತಿಂಗಳಲ್ಲಿ 20 ದಿನ ಶಾಲೆ ನಡೆಯಿತು. ಒಟ್ಟು 800 ಹಾಜರಿ ಆಗಬೇಕಿತ್ತು, ಆಗಿದ್ದು 760. ಅಂದರೆ ಶೇ 95. ಕಡಿಮೆಯಾದ ಆ 40 ಹಾಜರಿ ಯಾರದ್ದು? ಪ್ರತಿ ಮಗುವೂ ಒಂದೊಂದು ದಿನ ತಪ್ಪಿಸಿಕೊಂಡಿದ್ದರೆ ಚಿಂತೆ ಇಲ್ಲ. ಆದರೆ 35 ಮಕ್ಕಳು ಒಂದು ದಿನವೂ ಬಿಡದೆ ಬಂದು, ಉಳಿದ 5 ಮಕ್ಕಳು ತಲಾ 8 ದಿನ ಬಂದಿಲ್ಲದಿದ್ದರೂ ಸರಾಸರಿ ಶೇ 95 ಅಂತಲೇ ತೋರಿಸುತ್ತದೆ. ಆ ಐವರು ತಿಂಗಳ ಪಾಠದಲ್ಲಿ 5ರಲ್ಲಿ 2 ಪಾಲು ಕಳೆದುಕೊಂಡಿದ್ದಾರೆ. ಸರಾಸರಿ ಅವರನ್ನು ಮುಚ್ಚಿಟ್ಟುಬಿಟ್ಟಿದೆ, ಅಲ್ವಾ?

ಅದಕ್ಕೇ ಒಂದೊಂದು ಮಗುವಿನ ಲೆಕ್ಕ ಹಾಕಿ. ಹಲವು ಕಡೆ ಬಳಕೆಯಲ್ಲಿರುವ ಒಂದು ಗೆರೆ ಶೇ 10. ಶಾಲೆ ನಡೆದ ದಿನಗಳಲ್ಲಿ ಶೇ 10 ಅಥವಾ ಅದಕ್ಕಿಂತ ಜಾಸ್ತಿ ದಿನ ಬರದ ಮಗುವನ್ನು "ದೀರ್ಘ ಗೈರಿನ ಮಗು" ಅಂತ ಗುರುತಿಸುತ್ತಾರೆ. ವರ್ಷಕ್ಕೆ 200 ದಿನ ಶಾಲೆ ಅಂದರೆ 20 ದಿನ. ತಿಂಗಳಿಗೆ ಬರೀ 2 ದಿನ! ತಿಂಗಳಿಗೆ ಎರಡು ದಿನ ಅಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷದ ಕೊನೆಗೆ ನೋಡಿದರೆ ಸುಮಾರು ಒಂದು ತಿಂಗಳ ಪಾಠವೇ ಹೋಗಿರುತ್ತದೆ.

ನಿಮ್ಮ ನೋಟ್‌ಬುಕ್ಕಿನಲ್ಲಿ ನಾಲ್ಕು ಗುಂಪು ಮಾಡಿಕೊಳ್ಳಿ. ಶೇ 5ಕ್ಕಿಂತ ಕಡಿಮೆ ಗೈರು, ಶೇ 5ರಿಂದ 10ರ ಒಳಗೆ, ಶೇ 10ರಿಂದ 20ರ ಒಳಗೆ, ಶೇ 20 ಮತ್ತು ಅದಕ್ಕಿಂತ ಜಾಸ್ತಿ. ಒಬ್ಬೊಬ್ಬರ ಹೆಸರನ್ನೂ ಒಂದೊಂದು ಗುಂಪಿಗೆ ಹಾಕಿ. ರಜೆ ಚೀಟಿ ಕೊಟ್ಟ ದಿನಗಳನ್ನೂ ಸೇರಿಸಿ. ಜ್ವರ ಬಂದು ಮನೆಯಲ್ಲಿದ್ದರೂ ಆ ದಿನದ ಪಾಠ ತಪ್ಪಿದ್ದೇ. ಇಲ್ಲಿ ತಪ್ಪು ಯಾರದ್ದು ಅಂತ ಹುಡುಕುತ್ತಿಲ್ಲ, ಎಷ್ಟು ಪಾಠ ಹೋಯಿತು ಅಂತ ನೋಡುತ್ತಿದ್ದೇವೆ.

ಆಮೇಲೆ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ. ಗೈರು ಒಂದೇ ವಾರದಲ್ಲಿ ಕೂಡಿಕೊಂಡಿದೆಯೋ, ಅಲ್ಲಿ ಇಲ್ಲಿ ಚದುರಿದೆಯೋ? ಯಾವಾಗಲೂ ವಾರದ ಅದೇ ದಿನವೋ? ಪರೀಕ್ಷೆಯ ಹಿಂದಿನ ದಿನವೋ? ಬೆಳಿಗ್ಗೆ ಬಂದು ಮಧ್ಯಾಹ್ನ ಮಾಯವೋ? ಒಂದು ಹಾಜರಿ ಪುಸ್ತಕದಲ್ಲಿ ನಾನು ನೋಡಿದ ಸಾಲೊಂದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. 5ನೇ ತರಗತಿಯ ಹುಡುಗಿ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಗೈರು. ಉಳಿದ ದಿನ ಘಂಟೆ ಹೊಡೆಯುವ ಮುಂಚೆಯೇ ಬಂದಿರುತ್ತಿದ್ದಳು. ಆ ಎರಡು ದಿನ ಅವಳಮ್ಮನಿಗೆ ಬೆಳಗಿನ ಪಾಳಿ, ಮನೆಯಲ್ಲಿ ಎರಡು ವರ್ಷದ ತಮ್ಮ. ಯಾರೂ ಆ ಸಾಲನ್ನು ಒಟ್ಟಿಗೆ ಓದಿರಲಿಲ್ಲ. ದಿನದ ಲೆಕ್ಕದಲ್ಲಿ ಅದು ಬರೀ "ಒಬ್ಬರು ಗೈರು".

ಎಚ್ಚರ: ಹಾಜರಾತಿ ಕಡಿಮೆಯಾದರೆ ಶಿಕ್ಷಕರನ್ನೇ ಗದರಿಸುವ ರೂಢಿ ನಿಮ್ಮ ಶಾಲೆಯಲ್ಲಿದ್ದರೆ ಪುಸ್ತಕ ನಿಜ ಹೇಳುವುದಿಲ್ಲ. ಬರದ ಮಗುವಿಗೂ ಹಾಜರಿ ಬೀಳುತ್ತದೆ. "ನಿಜವಾದ ಲೆಕ್ಕ ಕೊಟ್ಟವರನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ" ಅಂತ ಮುಖ್ಯ ಶಿಕ್ಷಕರು ಎಲ್ಲರ ಮುಂದೆ ಹೇಳಬೇಕು, ಹೇಳಿದ ಹಾಗೆ ನಡೆದುಕೊಳ್ಳಬೇಕು. ಸುಳ್ಳು ಲೆಕ್ಕದ ಮೇಲೆ ಮುಂದಿನ ಯಾವ ಹಂತವೂ ನಿಲ್ಲಲ್ಲ.

ಹಂತ 2: ಕಾರಣ ಕೇಳಿ, ಊಹಿಸಬೇಡಿ

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಕಾಗಿರುವುದು ಇಲ್ಲಿ. "ಅವರ ಮನೆಯವರಿಗೆ ಓದಿನ ಬಗ್ಗೆ ಆಸಕ್ತಿ ಇಲ್ಲ" ಅನ್ನುವ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಮನೆಗೆ ಹೋಗಿ ಕೂತು ಮಾತಾಡುವವರೆಗೆ ದಯವಿಟ್ಟು ಅದನ್ನು ತಡೆದಿಟ್ಟುಕೊಳ್ಳಿ.

ಕಾರಣಗಳನ್ನು ನಾಲ್ಕು ಬಗೆಯಾಗಿ ನೋಡಿದರೆ ಅನುಕೂಲ.

ಒಂದು, ಬರೋಕೆ ಆಗದಿರುವುದು. ಕಾಯಿಲೆ, ದೂರ, ವಾಹನ ಇಲ್ಲದಿರುವುದು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಹೊಣೆ, ದುಡಿಮೆ, ಮನೆ ಬದಲಾಯಿಸುತ್ತಲೇ ಇರುವುದು, ಶಾಲೆಯಲ್ಲಿ ನೀರು ಮತ್ತು ಬಾಗಿಲಿರುವ ಶೌಚಾಲಯ ಇಲ್ಲದಿರುವುದು. ಈ ಕೊನೆಯದು ಮುಟ್ಟಾಗುವ ವಯಸ್ಸಿನ ಹುಡುಗಿಯರನ್ನು ತಿಂಗಳು ತಿಂಗಳೂ ಮನೆಯಲ್ಲಿ ಕೂರಿಸಬಹುದು.

ಎರಡು, ಬರೋಕೆ ಭಯ ಅಥವಾ ಸಂಕಟ. ಯಾರೋ ಕಾಡಿಸುತ್ತಿದ್ದಾರೆ, ಒಬ್ಬ ಶಿಕ್ಷಕರ ಹೆದರಿಕೆ, ಓದಲು ಬಾರದು ಅನ್ನುವ ನಾಚಿಕೆ. ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವು ಬಂದು ಮಧ್ಯಾಹ್ನದ ಹೊತ್ತಿಗೆ ತಾನಾಗೇ ಹೋಗುತ್ತಿದ್ದರೆ ಅದನ್ನು ನಾಟಕ ಅನ್ನಬೇಡಿ. ಮಗುವಿಗೆ ನೋವು ನಿಜವಾಗಿಯೂ ಆಗುತ್ತಿರಬಹುದು. ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಶಾಲೆಯಲ್ಲಿ ಏನು ನಡೆಯುತ್ತಿದೆ ಅಂತ ನೋಡಿ.

ಮೂರು, ಬಂದು ಏನು ಪ್ರಯೋಜನ ಅನ್ನಿಸುವುದು. ಪಾಠ ತಲೆಗೆ ಹತ್ತುವುದಿಲ್ಲ, ಗೆಳೆಯರಿಲ್ಲ, ಬಂದರೂ ಬಿಟ್ಟರೂ ಕೇಳುವವರಿಲ್ಲ. ಚಕ್ಕರ್ ಹಾಕುವ ದೊಡ್ಡ ಮಕ್ಕಳಲ್ಲಿ ಇದು ಜಾಸ್ತಿ.

ನಾಲ್ಕು, ತಪ್ಪು ತಿಳಿವಳಿಕೆ. "ಚಿಕ್ಕ ತರಗತಿ, ಒಂದೆರಡು ದಿನ ಹೋಗದಿದ್ದರೆ ಏನಾಗುತ್ತೆ" ಅನ್ನುವುದು. ಒಳ್ಳೆಯ ತಂದೆ ತಾಯಿಗಳೂ ಹೀಗೆ ಅಂದುಕೊಂಡಿರುತ್ತಾರೆ.

ಒಂದೇ ಮಗುವಿನಲ್ಲಿ ಎರಡು ಮೂರು ಕಾರಣ ಸೇರಿರುವುದೂ ಉಂಟು. ಕಾಯಿಲೆಯಿಂದ ಎರಡು ವಾರ ತಪ್ಪಿತು, ಪಾಠ ಹಿಂದೆ ಬಿತ್ತು, ಈಗ ಬರೋಕೆ ನಾಚಿಕೆ. ಔಷಧಿಯಿಂದ ಕಾಯಿಲೆ ಹೋಗುತ್ತದೆ, ನಾಚಿಕೆ ಹೋಗಲ್ಲ.

ಮನೆಗೆ ಹೋಗುವಾಗ ಒಬ್ಬರೋ ಇಬ್ಬರೋ ಹೋಗಿ. ಹೋಗುವ ಮುಂಚೆ ಅವರಿಗೆ ಯಾವ ಹೊತ್ತು ಅನುಕೂಲ ಅಂತ ಕೇಳಿಕೊಳ್ಳಿ. ಮಗುವಿಗೆ ಇಷ್ಟವಾದ ಶಿಕ್ಷಕರು ಒಬ್ಬರಿದ್ದರೆ ಒಳ್ಳೆಯದು. ಹಾಜರಿ ಪುಸ್ತಕ ಕೈಯಲ್ಲಿ ಹಿಡಿದು ಹೋಗಬೇಡಿ, ಪೊಲೀಸರು ಬಂದ ಹಾಗಾಗುತ್ತದೆ. ಅಕ್ಕಪಕ್ಕದವರ ಮುಂದೆ ಗೈರಿನ ಮಾತು ತೆಗೆಯಲೇಬೇಡಿ. ಮೊದಲ ಮಾತು ಮಗುವಿನ ಬಗ್ಗೆ ಒಂದು ನಿಜವಾದ ಒಳ್ಳೆಯ ಮಾತಾಗಿರಲಿ. ಹೀಗೆ:

"ನಮಸ್ಕಾರ ಅಮ್ಮ, ನಾನು ಶಾಲೆಯಿಂದ ಬಂದಿದ್ದೀನಿ. ನಿಮ್ಮ ಮಗ ಚಿತ್ರ ತುಂಬಾ ಚೆನ್ನಾಗಿ ಬಿಡಿಸ್ತಾನೆ. ಈ ತಿಂಗಳು 6 ದಿನ ಬಂದಿಲ್ಲ, ನಮಗೆ ಅವನಿಲ್ಲದೆ ಬೇಜಾರಾಯ್ತು. ಬೆಳಿಗ್ಗೆ ಹೊರಡೋಕೆ ಏನಾದ್ರೂ ತೊಂದರೆ ಆಗ್ತಾ ಇದೆಯಾ?"

"ಯಾಕೆ ಕಳಿಸಲಿಲ್ಲ?" ಅಂದರೆ ಸಿಗುವುದು ಸಮಜಾಯಿಷಿ. "ಬೆಳಿಗ್ಗೆ ಏನಾಗುತ್ತೆ?" ಅಂದರೆ ಸಿಗುವುದು ಕಥೆ. ನಿಮಗೆ ಬೇಕಾಗಿರುವುದು ಆ ಕಥೆ. ಎದ್ದಾಗಿನಿಂದ ಹೊರಡುವ ತನಕ ಯಾರು ಏನು ಮಾಡುತ್ತಾರೆ ಅಂತ ಕೇಳುತ್ತಾ ಹೋಗಿ, ಎಲ್ಲಿ ಸಿಕ್ಕಿಕೊಂಡಿದೆ ಅಂತ ತಾನಾಗೇ ಗೊತ್ತಾಗುತ್ತದೆ. ಮಗುವನ್ನೂ ಕೇಳಿ. ಬೇರೆ ಮಕ್ಕಳಿಗೆ ಕೇಳಿಸದ ಹಾಗೆ, ಆದರೆ ದೊಡ್ಡವರ ಕಣ್ಣಿಗೆ ಕಾಣುವ ಜಾಗದಲ್ಲಿ ಕೂತು, "ಶಾಲೆಯಲ್ಲಿ ಯಾವ ಹೊತ್ತು ನಿನಗೆ ಇಷ್ಟ ಆಗಲ್ಲ?" ಅಂತ. ಆಟದ ಹೊತ್ತು ಅಂದರೆ ಒಂದು ಅರ್ಥ, ಗಣಿತದ ಪೀರಿಯಡ್ ಅಂದರೆ ಇನ್ನೊಂದು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್‌ಸ್ಟೈನ್ ಮತ್ತು ಸ್ಟೀವನ್ ಶೆಲ್ಡನ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಷಯದ ಮೇಲಿತ್ತು. ಹಾಜರಾತಿಗೆ ನೆರವಾಗುವ ಕೆಲಸಗಳಲ್ಲಿ ಮನೆ ಭೇಟಿಯ ಜೊತೆಗೆ ಅವರು ಗುರುತಿಸಿದ ಇನ್ನೊಂದು ಬಹಳ ಸಣ್ಣದು. ಶಾಲೆಯಲ್ಲಿ ಯಾರನ್ನು ಕೇಳಬೇಕು ಅಂತ ಪೋಷಕರಿಗೆ ಒಬ್ಬರ ಹೆಸರು ಗೊತ್ತಿರಬೇಕು. ಇದನ್ನು ಇವತ್ತೇ ಮಾಡಬಹುದು. ಒಂದು ಚೀಟಿಯಲ್ಲಿ ಆ ಶಿಕ್ಷಕರ ಹೆಸರು, ಫೋನ್ ನಂಬರ್, ಯಾವ ಹೊತ್ತಿಗೆ ಸಿಗುತ್ತಾರೆ ಅಂತ ಬರೆದು ಪ್ರತಿ ಮನೆಗೂ ಕೊಡಿ.

ಹಂತ 3: ಪುಟ್ಟ ತಂಡ, ಖಾಯಂ ದಿನ

ಐದಾರು ಜನ ಸಾಕು. ಹೊಣೆ ಹೊತ್ತವರು, ಇಬ್ಬರು ಶಿಕ್ಷಕರು, ಇಬ್ಬರು ಪೋಷಕರು, ಊರಿನ ಬಗ್ಗೆ ಚೆನ್ನಾಗಿ ಗೊತ್ತಿರುವ ಒಬ್ಬರು. ಪೋಷಕರಲ್ಲಿ ಒಬ್ಬರಾದರೂ ಹಿಂದೆ ಇದೇ ತೊಂದರೆ ಪಟ್ಟವರಾಗಿರಲಿ. ಅವರ ಒಂದು ಮಾತು ನಮ್ಮ ಹತ್ತು ಮಾತಿಗಿಂತ ಬೇಗ ನಾಟುತ್ತದೆ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, 40 ನಿಮಿಷ ಕೂರಿ. ಪ್ರತಿ ಹೆಸರಿಗೂ ಮೂರು ವಿಷಯ ಬರೆಯಿರಿ: ಏನು ಗೊತ್ತಾಯಿತು, ಮುಂದಿನ ಕೆಲಸ ಏನು, ಯಾರು ಯಾವಾಗ ಮಾಡುತ್ತಾರೆ.

ಶಾಲೆಯವರಲ್ಲದವರಿಗೆ ಎಲ್ಲ ವಿವರ ಬೇಡ. ಮನೆಯ ಜಗಳ, ಕಾಯಿಲೆ, ಸಾಲದ ಮಾತು ತಂಡದ ಹೊರಗೆ ಹೋದರೆ ಆ ಮನೆಯ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ. ಹೊರಗಿನವರ ಸಹಾಯ ಕೇಳುವ ಮುಂಚೆ ಆ ಮನೆಯವರ ಒಪ್ಪಿಗೆ ಪಡೆಯಿರಿ.

ಹಂತ 4: ಕಾರಣಕ್ಕೆ ತಕ್ಕ ಜೊತೆಗಾರರನ್ನು ಹುಡುಕಿ

ಈಗ ಊರಿನ ಕಡೆ ತಿರುಗುವ ಹೊತ್ತು. ಕಾರಣಗಳ ಪಟ್ಟಿ ಮುಂದಿಟ್ಟುಕೊಳ್ಳಿ. ಯಾವ ಕಾರಣ ಜಾಸ್ತಿ ಮಕ್ಕಳಲ್ಲಿದೆಯೋ ಅಲ್ಲಿಂದ ಶುರು ಮಾಡಿ. ಒಮ್ಮೆಗೆ ಎರಡೇ ಕಾರಣ. ಎಲ್ಲದಕ್ಕೂ ಕೈ ಹಾಕಿದರೆ ಯಾವುದೂ ಆಗಲ್ಲ.

*ಕಾಯಿಲೆ ಇದ್ದರೆ.* ಆರೋಗ್ಯ ಕೇಂದ್ರ, ಹತ್ತಿರದ ವೈದ್ಯರು, ದಾದಿಯರು ನಿಮ್ಮ ಜೊತೆಗಾರರು. ಬರೀ "ಆರೋಗ್ಯ ಶಿಬಿರ ಮಾಡಿ" ಅನ್ನಬೇಡಿ. "ನಮ್ಮಲ್ಲಿ 7 ಮಕ್ಕಳು ಉಬ್ಬಸದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ, ಇನ್ಹೇಲರ್ ಹಿಡಿಯೋದು ಹೇಗೆ ಅಂತ ಅವರಿಗೂ ಶಿಕ್ಷಕರಿಗೂ ತೋರಿಸಿಕೊಡ್ತೀರಾ?" ಅನ್ನಿ. ಬೋರ್ಡು ಕಾಣದ ಮಗು, ಹಲ್ಲು ನೋವಿನ ಮಗು, ಜಂತುಹುಳದಿಂದ ಸೊರಗಿದ ಮಗು, ಇವರೆಲ್ಲರಿಗೂ ಪರಿಹಾರ ದುಬಾರಿ ಅಲ್ಲ. ಕೀನ್ಯಾದ ಹಳ್ಳಿಗಳಲ್ಲಿ ಶಾಲೆಯಲ್ಲೇ ಜಂತುಹುಳದ ಮಾತ್ರೆ ಕೊಟ್ಟಾಗ ಗೈರು ಸುಮಾರು ಕಾಲು ಭಾಗದಷ್ಟು ಇಳಿಯಿತು ಅಂತ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೇಮರ್ 2004ರಲ್ಲಿ ಬರೆದರು. ಆ ಲೆಕ್ಕದ ಬಗ್ಗೆ ಆಮೇಲೆ ಸಂಶೋಧಕರ ನಡುವೆ ಸಾಕಷ್ಟು ವಾದ ನಡೆಯಿತು. ಆದ್ದರಿಂದ ಹುಳದ ಕಾಟ ನಿಜವಾಗಿಯೂ ಇರುವ ಕಡೆ ಮಾತ್ರ, ಆರೋಗ್ಯ ಸಿಬ್ಬಂದಿಯ ಸಲಹೆಯಂತೆ ಇದನ್ನು ಮಾಡಿ.

ಇನ್ನೊಂದು ಮಾತು. ಎಷ್ಟು ಜ್ವರ ಇದ್ದರೆ ಮನೆಯಲ್ಲಿರಬೇಕು, ಸಣ್ಣ ನೆಗಡಿ ಇದ್ದರೆ ಬರಬಹುದಾ ಅಂತ ಬಹಳ ಪೋಷಕರಿಗೆ ಗೊತ್ತಿರುವುದಿಲ್ಲ. ವೈದ್ಯರಿಂದಲೇ ಒಂದು ಪುಟದ ಸೂಚನೆ ಬರೆಸಿ ಹಂಚಿ.

*ದಾರಿ ದೂರ ಅಥವಾ ಭಯ ಇದ್ದರೆ.* "ನಡಿಗೆ ಬಸ್ಸು" ಮಾಡಿ. ಬಸ್ಸಿಲ್ಲದ ಬಸ್ಸು ಇದು. ಇಬ್ಬರು ದೊಡ್ಡವರು ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ ನಡೆದು ಬರುತ್ತಾರೆ. ಮಕ್ಕಳು ತಮ್ಮ ತಮ್ಮ ನಿಲ್ದಾಣದಲ್ಲಿ ಸೇರಿಕೊಳ್ಳುತ್ತಾರೆ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದಲ್ಲಿ ಇದನ್ನು ಜನರ ಮುಂದಿಟ್ಟರು, ಈಗ ಹಲವು ದೇಶಗಳಲ್ಲಿದೆ. ಮೊದಲು ದಾರಿಯನ್ನು ಶಾಲೆ ಶುರುವಾಗುವ ಹೊತ್ತಿನಲ್ಲೇ ನೀವೇ ನಡೆದು ನೋಡಿ. ರಸ್ತೆ ದಾಟುವ ಜಾಗ, ನಾಯಿಗಳು, ಮಳೆ ನೀರು ನಿಲ್ಲುವ ತಗ್ಗು ಬರೆದುಕೊಳ್ಳಿ. ಒಬ್ಬರು ಮುಂದೆ, ಒಬ್ಬರು ಹಿಂದೆ. ಹಿಂದಿನವರ ಕೈಯಲ್ಲಿ ಮಕ್ಕಳ ಪಟ್ಟಿ. ನಿಲ್ದಾಣದಲ್ಲಿ 2 ನಿಮಿಷ ಮಾತ್ರ ಕಾಯುವುದು. ಮಗು ಬರದಿದ್ದರೆ ಆಗಲೇ ಮನೆಗೆ ಫೋನ್. ಬೆಳಗಿನ ಆ ಒಂದು ಫೋನ್ ಮಧ್ಯಾಹ್ನದ ಹತ್ತು ಫೋನಿಗೆ ಸಮ, ಯಾಕೆಂದರೆ ಆಗಿನ್ನೂ ಶಾಲೆಗೆ ಬರಲು ಹೊತ್ತಿರುತ್ತದೆ.

ನಡೆಯಲು ಆಗದಷ್ಟು ದೂರ ಇದ್ದರೆ ಬಸ್ಸಿನ ವೇಳೆಯ ಬಗ್ಗೆ ಸಾರಿಗೆಯವರ ಜೊತೆ ಮಾತಾಡಿ, ಇಲ್ಲವೇ ಸೈಕಲ್ ಯೋಚಿಸಿ. ಬಿಹಾರದಲ್ಲಿ 2006ರಲ್ಲಿ 9ನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿದರು. ಹೈಸ್ಕೂಲು ದೂರ ಇದ್ದ ಹಳ್ಳಿಗಳಲ್ಲೇ ಹುಡುಗಿಯರ ದಾಖಲಾತಿ ಜಾಸ್ತಿ ಏರಿತ್ತು. ಅದು ದಾಖಲಾತಿಯ ಲೆಕ್ಕ, ದಿನದ ಹಾಜರಿಯದ್ದಲ್ಲ. ಆದರೂ ತೊಡಕು ದೂರದ್ದೇ ಆಗಿದ್ದಾಗ ದೂರವನ್ನೇ ಕಡಿಮೆ ಮಾಡಿದರೆ ಮಕ್ಕಳು ಬರುತ್ತಾರೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

*ಮನೆಯಲ್ಲಿ ಚಿಕ್ಕ ಮಗು, ದೊಡ್ಡವರಿಗೆ ದುಡಿಮೆ ಇದ್ದರೆ.* ಹತ್ತಿರದ ಶಿಶುಪಾಲನಾ ಕೇಂದ್ರದ ಬಾಗಿಲು ಶಾಲೆಗಿಂತ ಅರ್ಧ ಗಂಟೆ ಮುಂಚೆ ತೆರೆಯಬಹುದಾ ಅಂತ ಕೇಳಿ. ಮಂಗಳವಾರ, ಶುಕ್ರವಾರ ಬರದಿದ್ದ ಆ ಹುಡುಗಿಗೆ ದಾರಿ ಸಿಕ್ಕಿದ್ದು ಹೀಗೇ. ಪೋಷಕರು ಕೆಲಸ ಮಾಡುವ ಜಾಗದ ಮಾಲೀಕರ ಹತ್ತಿರವೂ ಹೋಗಿ. ಪಾಳಿ 20 ನಿಮಿಷ ಆಚೀಚೆ ಮಾಡುವುದು, ಶಾಲೆಯಿಂದ ಫೋನ್ ಬಂದರೆ ಮಾತಾಡಲು ಬಿಡುವುದು, ಇಂಥವನ್ನು ಕೇಳಿ. ದುಡ್ಡು ಕೇಳುವುದಕ್ಕಿಂತ ಇದು ಸುಲಭ, ಉಪಯೋಗವೂ ಜಾಸ್ತಿ.

*ಕುಟುಂಬ ಕೆಲಸಕ್ಕಾಗಿ ಬೇರೆ ಊರಿಗೆ ಹೋಗುತ್ತಿದ್ದರೆ.* ಹೋಗುವ ಮುಂಚೆ ತಿಳಿಸಿ ಅಂತ ಮೊದಲೇ ಹೇಳಿಡಿ. ಆ ಊರಿನ ಶಾಲೆಗೆ ಫೋನ್ ಮಾಡಿ, ಮಗು ಎಲ್ಲಿಯವರೆಗೆ ಓದಿದೆ ಅಂತ ಒಂದು ಹಾಳೆಯಲ್ಲಿ ಬರೆದು ಕೊಟ್ಟು ಕಳಿಸಿ. ಹೆಸರು ಹೊಡೆದು ಹಾಕಿ ಸುಮ್ನೆ ಕೂತರೆ ಆ ಮಗು ಎರಡೂ ಪುಸ್ತಕದಲ್ಲಿ ಇಲ್ಲದ ಹಾಗಾಗುತ್ತದೆ.

*ಆಸಕ್ತಿ ಕಳೆದುಕೊಂಡಿದ್ದರೆ.* ಗ್ರಂಥಾಲಯ, ಆಟದ ಕ್ಲಬ್, ಮರಗೆಲಸ ಹೊಲಿಗೆ ಸಂಗೀತ ಗೊತ್ತಿರುವವರು, ನಿವೃತ್ತರು ನಿಮ್ಮ ಜೊತೆಗಾರರು. ಅವರ ಚಟುವಟಿಕೆ ಶಾಲೆಯ ಹೊತ್ತಿನಲ್ಲಿ ಬೇಡ, ಶಾಲೆ ಬಿಟ್ಟ ಮೇಲೆ ಇರಲಿ. ಅವತ್ತು ಶಾಲೆಗೆ ಬಂದವರು ಶಾಲೆಯಿಂದ ನೇರ ಆ ಚಟುವಟಿಕೆಗೆ ಹೋಗುವ ಹಾಗಿರಲಿ.

ಎಚ್ಚರ: ಅಂಗಡಿಯವರನ್ನು, ಅಕ್ಕಪಕ್ಕದವರನ್ನು ಕಾವಲುಗಾರರನ್ನಾಗಿ ಮಾಡಬೇಡಿ. "ಶಾಲೆ ಹೊತ್ತಿನಲ್ಲಿ ಮಗು ಕಂಡರೆ ನಮಗೊಂದು ಫೋನ್ ಮಾಡಿ" ಅಂತ ಕೇಳಿದರೆ ಸಾಕು. ಬೈಯುವುದು, ಫೋಟೋ ತೆಗೆಯುವುದು ಬೇಡವೇ ಬೇಡ. ಹಾಗೆಯೇ ದಾನಿಗಳು ಬ್ಯಾಗು, ನೋಟ್‌ಬುಕ್ಕು ಹಂಚಿ ಫೋಟೋ ತೆಗೆಸಿಕೊಂಡು ಹೋಗುವುದರಿಂದ ಗೈರು ಇಳಿಯುವುದಿಲ್ಲ. ಬ್ಯಾಗು ಇಲ್ಲದ್ದೇ ಕಾರಣ ಆಗಿದ್ದರೆ ಮಾತು ಬೇರೆ. ಬೇಡದ್ದನ್ನು ಕೊಡಲು ಬಂದವರಿಗೆ ನಿಮ್ಮ ಪಟ್ಟಿ ನೋಡಿ ಬೇಕಾದ್ದನ್ನು ಕೇಳುವ ಧೈರ್ಯ ಮಾಡಿ. ಪಟ್ಟಿಯಲ್ಲಿ ಹೆಸರು ಬೇಡ, ಸಂಖ್ಯೆ ಮಾತ್ರ ತೋರಿಸಿ.

ಹಂತ 5: ಒಂದು ಮಗುವಿಗೆ ಒಬ್ಬರು ದೊಡ್ಡವರು

ಜಾಸ್ತಿ ಗೈರಾಗುವ ಮಕ್ಕಳಿಗೆ ಒಬ್ಬೊಬ್ಬ ಒಡನಾಡಿಯನ್ನು ಗೊತ್ತು ಮಾಡಿ. ಒಡನಾಡಿ ಅಂದರೆ ಪಾಠ ಹೇಳುವವರಲ್ಲ. ಈ ಮಗು ಬಂತಾ ಅಂತ ದಿನಾ ನೋಡುವವರು. ಶಿಕ್ಷಕರಾಗಬಹುದು, ಕಚೇರಿ ಸಿಬ್ಬಂದಿ ಆಗಬಹುದು, ಹೊರಗಿನ ಸ್ವಯಂಸೇವಕರೂ ಆಗಬಹುದು.

ನ್ಯೂಯಾರ್ಕ್ ನಗರದಲ್ಲಿ 2010ರಿಂದ 2013ರವರೆಗೆ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದರು. ದೀರ್ಘ ಗೈರಿನ ಮಕ್ಕಳಲ್ಲಿ ಒಡನಾಡಿ ಸಿಕ್ಕವರು, ಅಂಥದೇ ಸ್ಥಿತಿಯಲ್ಲಿದ್ದು ಒಡನಾಡಿ ಸಿಗದ ಮಕ್ಕಳಿಗಿಂತ ವರ್ಷಕ್ಕೆ ಸುಮಾರು 9 ದಿನ ಜಾಸ್ತಿ ಶಾಲೆಗೆ ಬಂದರು. ಅಂದರೆ ಹತ್ತಿರ ಹತ್ತಿರ ಎರಡು ವಾರದ ಪಾಠ.

ಕೆಲಸ ಇಷ್ಟೇ. ಬೆಳಿಗ್ಗೆ ಗೇಟಿನ ಹತ್ತಿರ ಹೆಸರು ಹಿಡಿದು ಮಾತಾಡಿಸುವುದು. ಬರದಿದ್ದರೆ ಅವತ್ತೇ ಮನೆಗೆ ಫೋನ್ ಮಾಡುವುದು. ವಾರಕ್ಕೆ ಮೂರು ಸಲ ಐದು ನಿಮಿಷ ಕೂತು ಹೇಗಿದ್ದೀಯ ಅಂತ ಕೇಳುವುದು. ಮರಳಿ ಬಂದ ದಿನ "ಎಲ್ಲಿ ಹೋಗಿದ್ದೆ?" ಅಂತ ಅಲ್ಲ, "ಬಂದೆಯಾ, ಒಳ್ಳೇದಾಯ್ತು, ನಿನ್ನೆ ಆಟದಲ್ಲಿ ನೀನಿರಲಿಲ್ಲ" ಅಂತ.

ಎಚ್ಚರ: ಮಕ್ಕಳ ಸುರಕ್ಷತೆ ಮೊದಲು. ಹೊರಗಿನವರ ಪೂರ್ವಾಪರ ವಿಚಾರಿಸದೆ ಯಾರನ್ನೂ ಸೇರಿಸಬೇಡಿ. ಮುಚ್ಚಿದ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ. ಗುಟ್ಟಾಗಿ ಉಡುಗೊರೆ, ಮಗುವಿನ ಫೋನಿಗೆ ಖಾಸಗಿ ಸಂದೇಶ ಇರಲೇಬಾರದು. ಮಧ್ಯದಲ್ಲಿ ಬಿಟ್ಟು ಹೋಗುವವರೂ ಬೇಡ. ಇಡೀ ವರ್ಷ ಬರ್ತೀರಾ ಅಂತ ಮೊದಲೇ ಕೇಳಿ. ಮೊದಲೇ ಯಾರೋ ಕೈಬಿಟ್ಟಿರುವ ಮಗುವಿಗೆ ಇನ್ನೊಬ್ಬರೂ ಕೈಬಿಟ್ಟರೆ ಅದು ಆಳವಾಗಿ ತಾಗುತ್ತದೆ.

ಹಂತ 6: ಮನೆಗೆ ಲೆಕ್ಕ ಕಳಿಸಿ, ಬೈಗುಳ ಅಲ್ಲ

ತಮ್ಮ ಮಗು ಎಷ್ಟು ದಿನ ತಪ್ಪಿಸಿಕೊಂಡಿದೆ ಅಂತ ಬಹಳ ಪೋಷಕರಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಬೇರೆ ಮಕ್ಕಳೂ ಅಷ್ಟೇ ಬಿಡುತ್ತಾರೆ ಅಂತ ಅಂದುಕೊಂಡಿರುತ್ತಾರೆ. ಸಂಶೋಧಕರಾದ ಟಾಡ್ ರೋಜರ್ಸ್ ಮತ್ತು ಅವಿ ಫೆಲ್ಲರ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ 28,000ಕ್ಕೂ ಹೆಚ್ಚು ಮನೆಗಳ ಮೇಲೆ ಒಂದು ಪ್ರಯೋಗ ನಡೆಸಿ 2018ರಲ್ಲಿ ಪ್ರಕಟಿಸಿದರು. ಮಗುವಿನ ಒಟ್ಟು ಗೈರಿನ ಲೆಕ್ಕವನ್ನು ಅಂಚೆಯಲ್ಲಿ ಆಗಾಗ ಕಳಿಸಿದ್ದರಿಂದಲೇ ದೀರ್ಘ ಗೈರು ಶೇ 10ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಇಳಿಯಿತು. ಇಷ್ಟು ಕಡಿಮೆ ಖರ್ಚಿನ ಬೇರೆ ದಾರಿ ನನಗಂತೂ ಗೊತ್ತಿಲ್ಲ.

ಹೀಗೆ ಬರೆಯಬಹುದು:

"ಶಾಲೆ ಶುರುವಾದಾಗಿನಿಂದ ನಿಮ್ಮ ಮಗಳು 9 ದಿನ ಬಂದಿಲ್ಲ. ಒಂದೊಂದು ದಿನದ ಪಾಠವೂ ಮುಂದಿನ ಪಾಠಕ್ಕೆ ಬೇಕು. ಅವಳನ್ನು ದಿನಾ ಕಳಿಸಲು ನಿಮ್ಮಿಂದಾದ ಪ್ರಯತ್ನ ಮಾಡಿ. ಏನಾದರೂ ತೊಂದರೆ ಇದ್ದರೆ ಈ ನಂಬರಿಗೆ ಫೋನ್ ಮಾಡಿ, ಒಟ್ಟಿಗೆ ದಾರಿ ಹುಡುಕೋಣ."

ಓದಲು ಬಾರದ ಮನೆಗೆ ಧ್ವನಿ ಸಂದೇಶ ಕಳಿಸಿ ಅಥವಾ ಫೋನಿನಲ್ಲೇ ಹೇಳಿ. ಬೇರೆ ಭಾಷೆ ಆಡುವ ಮನೆಗೆ ಅವರ ಭಾಷೆಯಲ್ಲೇ ಹೇಳಿಸಿ. ಆದರೆ ಮಗುವಿನಿಂದಲೇ ಅನುವಾದ ಮಾಡಿಸಬೇಡಿ. ಗೈರಿನ ಪಟ್ಟಿಯನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವ ತಪ್ಪನ್ನಂತೂ ಯಾವ ಕಾರಣಕ್ಕೂ ಮಾಡಬೇಡಿ. ನಾಚಿಕೆಯಾದ ಮನೆಯವರು ಮಗುವನ್ನು ಕಳಿಸುವುದಿಲ್ಲ, ಗುಂಪು ಬಿಟ್ಟು ಹೋಗುತ್ತಾರೆ.

ಹಂತ 7: ಶಾಲೆಯೂ ಬದಲಾಗಲಿ

ಊರಿನವರನ್ನು ಸೇರಿಸಿಕೊಂಡು ಮಗುವನ್ನು ಗೇಟಿನವರೆಗೆ ತಂದಿರಿ. ಗೇಟಿನ ಒಳಗೆ ಏನಿದೆ? ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸಿದರೆ, ನಾಳೆ ತಡವಾದಾಗ ಮಗು ಬರುವುದೇ ಇಲ್ಲ. ಗೈರಾದದ್ದಕ್ಕೆ ಮನೆಗೆ ಕಳಿಸಿದರೆ ಗೈರಿಗೆ ಗೈರನ್ನೇ ಶಿಕ್ಷೆ ಕೊಟ್ಟ ಹಾಗಾಯಿತು.

ಮರಳಿ ಬಂದ ಮಗುವಿಗೆ ತಪ್ಪಿದ ಪಾಠ ಹಿಡಿಯಲು ದಾರಿ ಇರಲಿ. ಒಂದು ಸುಲಭ ಉಪಾಯ, ಪ್ರತಿ ತರಗತಿಯಲ್ಲೂ "ನೀನಿಲ್ಲದ ದಿನ" ಅಂತ ಒಂದು ಡಬ್ಬಿ ಇಡಿ. ಅವತ್ತಿನ ಪಾಠದ ಹಾಳೆಯನ್ನು ಗೈರಾದ ಮಗುವಿನ ಹೆಸರು ಬರೆದು ಪಕ್ಕದಲ್ಲಿ ಕೂರುವ ಗೆಳತಿ ಅದರಲ್ಲಿ ಹಾಕಿಡಲಿ. ಬಂದ ದಿನ ಶಿಕ್ಷಕರು ಹತ್ತು ನಿಮಿಷ ಜೊತೆಗೆ ಕೂರಲಿ. ತನಗಾಗಿ ಯಾರೋ ಎತ್ತಿಟ್ಟಿದ್ದಾರೆ ಅನ್ನುವುದೇ ಆ ಮಗುವಿಗೆ ದೊಡ್ಡದು.

"ಪೂರ್ತಿ ಹಾಜರಿಗೆ ಬಹುಮಾನ ಕೊಡೋಣವಾ?" ಅಂತ ಕೇಳುವವರು ಬಹಳ ಜನ. ನನ್ನ ಉತ್ತರ, ಬೇಡ. ಕ್ಯಾಲಿಫೋರ್ನಿಯಾದಲ್ಲಿ 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಹಿಂದಿನ ತಿಂಗಳು ಪೂರ್ತಿ ಬಂದದ್ದಕ್ಕೆ ಅಂತ ಹೇಳದೆ ಕೇಳದೆ ಕೊಟ್ಟ ಪ್ರಶಸ್ತಿಯಿಂದ ಮುಂದಿನ ತಿಂಗಳ ಹಾಜರಿ ಏರಲಿಲ್ಲ, ಸ್ವಲ್ಪ ಇಳಿಯಿತು. ಬೇರೆಯವರಿಗಿಂತ ನಾನು ಜಾಸ್ತಿಯೇ ಬಂದುಬಿಟ್ಟೆ ಅನ್ನುವ ಸಂದೇಶ ಮಕ್ಕಳಿಗೆ ಹೋಗಿರಬಹುದು ಅಂತ ಸಂಶೋಧಕರು ವಿವರಿಸಿದರು. ಅದೂ ಅಲ್ಲದೆ ಪೂರ್ತಿ ಹಾಜರಿಯ ಆಸೆಗೆ ಜ್ವರ ಇಟ್ಟುಕೊಂಡೇ ಮಕ್ಕಳು ಬರುತ್ತಾರೆ. ಕಾಯಿಲೆ ಇರುವ ಮಗುವಿಗೆ ಆ ಬಹುಮಾನ ಎಂದೂ ಸಿಗುವುದಿಲ್ಲ. ಮೆಚ್ಚುಗೆ ಹೇಳಲೇಬೇಕು ಅಂತಿದ್ದರೆ ಹೋದ ತಿಂಗಳು 6 ದಿನ ಬಿಟ್ಟು ಈ ತಿಂಗಳು 2 ದಿನ ಮಾತ್ರ ಬಿಟ್ಟ ಮಗುವಿಗೆ ಹೇಳಿ. ಅದನ್ನೂ ಮೆಲ್ಲಗೆ, ಹತ್ತಿರ ಕರೆದು.

ಹಂತ 8: ತಿಂಗಳಿಗೊಮ್ಮೆ ಲೆಕ್ಕ ನೋಡಿ

ಮೊದಲ ಹಂತದ ನಾಲ್ಕು ಗುಂಪುಗಳಿಗೆ ಮರಳಿ. ಯಾರು ಯಾವ ಗುಂಪಿನಿಂದ ಯಾವ ಗುಂಪಿಗೆ ಹೋದರು? ಏನೂ ಬದಲಾಗದಿದ್ದರೆ ಮಗುವನ್ನು ದೂರಬೇಡಿ, ಕಾರಣವನ್ನು ನೀವು ತಪ್ಪಾಗಿ ತಿಳಿದಿರಬಹುದು. ಎರಡನೇ ಹಂತವನ್ನು ಮತ್ತೆ ಮಾಡಿ. ಈ ಸಲ ಬೇರೆಯವರು ಹೋಗಿ ಮಾತಾಡಲಿ.

ಕೆಲವು ವಿಷಯ ನಿಮ್ಮ ತಂಡದ ಕೈ ಮೀರಿದ್ದು. ಮಗುವಿಗೆ ಹೊಡೆತ ಬೀಳುತ್ತಿದೆ, ಅಪಾಯದ ಕೆಲಸಕ್ಕೆ ಹಾಕಿದ್ದಾರೆ, ಚಿಕ್ಕ ವಯಸ್ಸಿನಲ್ಲಿ ಮದುವೆಗೆ ಓಡಾಟ ನಡೆದಿದೆ, ಲೈಂಗಿಕ ಕಿರುಕುಳದ ಸುಳಿವಿದೆ. ಇಂಥ ಅನುಮಾನ ಬಂದ ದಿನವೇ ಮುಖ್ಯ ಶಿಕ್ಷಕರಿಗೆ ಹೇಳಿ, ಮಕ್ಕಳ ರಕ್ಷಣೆಗೆ ಇರುವ ಅಧಿಕಾರಿಗಳಿಗೆ ಅಥವಾ ಸಹಾಯವಾಣಿಗೆ ತಿಳಿಸಿ. ನೀವೇ ಹೋಗಿ ರಾಜಿ ಪಂಚಾಯ್ತಿ ಮಾಡಬೇಡಿ, ಮಗುವಿಗೆ ಅಪಾಯ ಹೆಚ್ಚಬಹುದು.

ಎಷ್ಟು ದಿನದಲ್ಲಿ ಬದಲಾವಣೆ ಕಾಣುತ್ತೆ? ತಪ್ಪು ತಿಳಿವಳಿಕೆಯಿಂದ ಬಿಡುತ್ತಿದ್ದವರು ಬೇಗ ಬರಬಹುದು. ದಾರಿ, ಕಾಯಿಲೆಯ ತೊಡಕಿಗೆ ಕೆಲವು ತಿಂಗಳು ಹಿಡಿಯಬಹುದು. ಭಯದಿಂದ ಬಿಟ್ಟ ಮಗುವಿಗೆ ಇನ್ನೂ ಜಾಸ್ತಿ. ಮೊದಲು ಒಂದು ಗಂಟೆ, ಆಮೇಲೆ ಅರ್ಧ ದಿನ, ಆಮೇಲೆ ಪೂರ್ತಿ ದಿನ ಅಂತ ಮೆಲ್ಲಗೆ ಕರೆತರಬೇಕಾಗಬಹುದು.

ಒಂದು ಮಗು ಶೇ 10ರ ಗೆರೆ ದಾಟಿ ಈಚೆ ಬಂತು ಅಂತ ಕೂಡಲೇ ನೋಟ್‌ಬುಕ್ಕಿನಿಂದ ಹೆಸರು ತೆಗೆಯಬೇಡಿ. ಇನ್ನೂ 3 ತಿಂಗಳು ಇಟ್ಟಿರಿ. ದೊಡ್ಡ ರಜೆ ಮುಗಿದು ಶಾಲೆ ತೆರೆಯುವ ಹಿಂದಿನ ಸಂಜೆ ಆ ಮನೆಗಳಿಗೆ ಒಂದೊಂದು ಫೋನ್ ಮಾಡಿ, "ನಾಳೆ ಶಾಲೆ ಇದೆ, ಗೇಟಿನ ಹತ್ತಿರ ಕಾಯ್ತಿರ್ತೀನಿ" ಅಂತ ಹೇಳಿ. ಬೆಳಿಗ್ಗೆ ಹೋಗಿ ಅಲ್ಲೇ ನಿಂತಿರಿ.